ಬಡಿದ ಸದ್ದು ಕೇಳಿಸಿತು ಎಂದ ಐನೂರ ಎಂಬತ್ತೆಂಟು ಮಂದಿ

ನಮ್ಮ ಊರಿನ ಟಾಕೀಸಿನಲ್ಲಿ ನಾನೂರ ಹನ್ನೆರಡು ಕುರ್ಚಿಗಳಿವೆ. ದಿನಕ್ಕೆ ಒಂದೇ ಆಟ, ಮಧ್ಯಾಹ್ನ ಎರಡು ಗಂಟೆಗೆ. ಕೊಲೆಯ ಆಪಾದನೆ ಹೊತ್ತವನ ಚಿತ್ರ ತಯಾರಾಗಿ ಬಂದರೆ ಅದು ಏಳು ದಿನ ಓಡುತ್ತದೆ. ಊರಿನ ವಯಸ್ಕರೆಲ್ಲರೂ ಒಂದೊಂದು ಸಲ ನೋಡಿ, ಹೊರಗೆ ಬರುವಾಗ ಬಾಗಿಲ ಬಳಿಯ ತಗಡಿನ ಪೆಟ್ಟಿಗೆಗೆ ಒಂದು ಚೀಟಿ ಹಾಕುತ್ತಾರೆ. ಚೀಟಿಯಲ್ಲಿ ಎರಡು ಗೆರೆಗಳಿರುತ್ತವೆ. ಮೊದಲನೆಯದರಲ್ಲಿ ಗಲ್ಲು ಬೇಕು ಅಥವಾ ಬೇಡ ಎಂದು ಬರೆಯಬೇಕು, ಎರಡನೆಯದರಲ್ಲಿ ಕಾರಣ. ಮೂಲೆಯಲ್ಲಿ ದಿನ ಮತ್ತು ಕುರ್ಚಿಯ ಸಂಖ್ಯೆ. ಎಂಟನೆಯ ದಿನ ಎಣಿಕೆ. ಹತ್ತನೆಯ ದಿನ, ಹೆಚ್ಚಿನ ಚೀಟಿಗಳು ಹೇಳಿದಂತೆ ನಡೆಯುತ್ತದೆ. ಆಪಾದಿತನಿಗೆ ಮಾತ್ರ ಚಿತ್ರವನ್ನು ತೋರಿಸುವುದಿಲ್ಲ.

ಎರಡು ವರ್ಷದ ಹಿಂದೆ, ಈ ಸಂಗತಿ ನಡೆದಾಗ, ನಾನು ಚೀಟಿ ಎಣಿಸತೊಡಗಿ ಹತ್ತೊಂಬತ್ತು ವರ್ಷವಾಗಿತ್ತು. ಅದಕ್ಕೆ ಮೊದಲು ಮೂವತ್ತಾರು ವರ್ಷ ಈ ಊರಿನ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟೆ. ಎಣಿಸುವವನು ಚಿತ್ರವನ್ನು ನೋಡಬೇಕು, ಚೀಟಿ ಹಾಕಬಾರದು. ಈ ನಿಯಮ ನನ್ನ ಸ್ವಭಾವಕ್ಕೆ ಹೊಂದುತ್ತದೆ. ಹದಿಮೂರು ಚಿತ್ರಗಳ ಎಣಿಕೆ ನನ್ನ ಕೈಯಿಂದ ಆಗಿತ್ತು. ಒಂಬತ್ತರಲ್ಲಿ ಬೇಕು, ನಾಲ್ಕರಲ್ಲಿ ಬೇಡ. ಒಂದು ಚೀಟಿಯೂ ಹೆಚ್ಚುಕಡಿಮೆಯಾಗಿರಲಿಲ್ಲ. ಎರಡನೆಯ ಗೆರೆಯನ್ನು ನಾನು ಓದುತ್ತಿರಲಿಲ್ಲ. ಎಣಿಸಲು ಮೊದಲನೆಯದು ಸಾಕಾಗುತ್ತಿತ್ತು.

ಹದಿನಾಲ್ಕನೆಯ ಚಿತ್ರ ಜಕ್ಕಣ್ಣನದು. ಅವನು ಹತ್ತಿ ಮಿಲ್ಲಿನ ಕಾವಲುಗಾರ. ಮಿಲ್ಲಿಗೆ ಸಾಲಾಗಿ ನಾಲ್ಕು ಗೋದಾಮುಗಳಿವೆ. ದಿನವೂ ಐದು ಗಂಟೆಗೆ ಅವುಗಳಿಗೆ ಬೀಗ ಹಾಕುವುದು ಅವನ ಕೆಲಸ. ಅಂದು ಎರಡನೆಯ ಗೋದಾಮಿಗೆ ಬೀಗ ಹಾಕಿ ಹೊರಟ ಹತ್ತು ನಿಮಿಷಕ್ಕೆ, ಪಕ್ಕದ ಯಂತ್ರದಿಂದ ಹಾರಿದ ಕಿಡಿ ಕಿಂಡಿಯ ಮೂಲಕ ಒಳಗೆ ಬಿದ್ದು ಹತ್ತಿಗೆ ಬೆಂಕಿ ಹಿಡಿಯಿತು. ಒಳಗೆ ಮೂಟೆಗಳನ್ನು ಎಣಿಸುತ್ತಿದ್ದ ಗುಮಾಸ್ತ ಶಿವನಂಜ ಸತ್ತ. ಬೆಂಕಿಗೆ ಜಕ್ಕಣ್ಣ ಕಾರಣನಲ್ಲ ಎಂಬುದನ್ನು ಎಲ್ಲರೂ ಒಪ್ಪಿದ್ದರು. ಒಳಗೆ ಮನುಷ್ಯನಿದ್ದಾನೆಂದು ತಿಳಿದೂ ಬೀಗ ಹಾಕಿದನೇ ಎಂಬುದು ಪ್ರಶ್ನೆ. ಬೆಂಕಿಗೆ ವಾರದ ಮೊದಲು, ಹಾಜರಿ ಪುಸ್ತಕದಲ್ಲಿ ತನಗೆ ಗೈರು ಹಾಕಿದ್ದಕ್ಕೆ ಅವನು ಇಪ್ಪತ್ತು ಜನರ ಮುಂದೆ ಶಿವನಂಜನಿಗೆ, "ನಿನ್ನ ಒಳಗೇ ಹಾಕಿ ಬೀಗ ಜಡಿದುಬಿಡ್ತೀನಿ, ನೋಡ್ತಾ ಇರು" ಎಂದಿದ್ದ. ಹೀಗೆಂದದ್ದನ್ನು ಅವನೂ ಅಲ್ಲಗಳೆಯಲಿಲ್ಲ.

ಶಿವನಂಜ ನನ್ನ ವಿದ್ಯಾರ್ಥಿಯಾಗಿದ್ದ. ಭಾಗಾಕಾರ ಚೆನ್ನಾಗಿ ಮಾಡುತ್ತಿದ್ದ. ಶೇಷ ಬರೆಯಲು ಮಾತ್ರ ಮರೆಯುತ್ತಿದ್ದ. ನಾನು ಯಾರ ಪಕ್ಷವನ್ನೂ ಹಿಡಿದು ಇದನ್ನು ಬರೆಯುತ್ತಿಲ್ಲ ಎಂಬುದಕ್ಕಾಗಿ ಈ ಮಾತು.

ಚಿತ್ರವನ್ನು ನಾನು ಮೊದಲ ದಿನವೇ ನೋಡಿದೆ. ಒಳ್ಳೆಯ ಚಿತ್ರ. ಜಕ್ಕಣ್ಣನ ಪಾತ್ರ ಮಾಡಿದವನು ಎತ್ತರದ, ದಪ್ಪ ಹುಬ್ಬಿನ ನಟ. ಬೇರೆ ಚಿತ್ರಗಳಲ್ಲಿ ಅವನನ್ನು ಖಳನಾಗಿ ನೋಡಿದ್ದೇವೆ. ಅವನು ಬೀಗ ಹಾಕುತ್ತಾನೆ, ಹತ್ತು ಹೆಜ್ಜೆ ನಡೆದು ಬೀಡಿ ಹಚ್ಚುತ್ತಾನೆ. ಆಗ ಯಂತ್ರದ ಸದ್ದು ನಿಧಾನವಾಗಿ ಅಡಗುತ್ತದೆ. ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಒಂದು ಸಲ, ಇನ್ನೊಂದು ಸಲ. ನಟನ ಮುಖ ತೆರೆಯ ತುಂಬ ಬರುತ್ತದೆ. ಅವನು ಬೀಡಿಯ ಹೊಗೆ ಬಿಟ್ಟು ತುಟಿಯ ಒಂದು ಬದಿಯಲ್ಲಿ ನಗುತ್ತಾನೆ, ನಡೆದುಹೋಗುತ್ತಾನೆ. ನನ್ನ ಗಡಿಯಾರದಲ್ಲಿ ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡು ನಾನೂರ ಹನ್ನೆರಡು ಕುರ್ಚಿಗಳಲ್ಲಿ ಒಂದೂ ಕಿರುಗುಟ್ಟಲಿಲ್ಲ. ನನಗೂ ಮನಸ್ಸಿನಲ್ಲಿ 'ಬೇಕು' ಎನ್ನಿಸಿತು. ಚೀಟಿ ಹಾಕುವ ಹಕ್ಕಿಲ್ಲದವನಾದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಆ ವಾರ ಊರಿನಲ್ಲಿ ಬೇರೆ ಮಾತಿರಲಿಲ್ಲ. ನಾನು ಬೆಳಗಿನ ಕಾಫಿ ಕುಡಿಯುವುದು ವಾಸಪ್ಪನ ಹೋಟೆಲಿನಲ್ಲಿ. ಅವನು ಮೂರನೆಯ ದಿನ ನೋಡಿ ಬಂದಿದ್ದ. "ಏನ್ ಪಿಕ್ಚರು ಮೇಷ್ಟ್ರೇ" ಎಂದ, ಕಾಫಿಯನ್ನು ನನ್ನ ಲೋಟಕ್ಕೂ ಮೇಜಿಗೂ ಸಮನಾಗಿ ಹಂಚುತ್ತ. "ಬೀಡಿ ಹಚ್ತಾನಲ್ಲ, ಅಲ್ಲಿ ನನ್ನೆದೆ ನಿಂತೇಹೋಯ್ತು. ಮಧ್ಯ ಸ್ವಲ್ಪ ಎಳೆದವ್ರೆ. ಮಿಲ್ಲಿನ ಹಾಡೊಂದು ಬೇಕಿರಲಿಲ್ಲ." ಪಕ್ಕದ ಮೇಜಿನವನು, "ಹಾಡು ಇರ್ಲಿ ಬಿಡು, ನೀನು ಏನ್ ಬರೆದೆ?" ಎಂದು ಕೇಳಿದ. "ಬೇಕು ಅಂತ. ಅಷ್ಟು ಹೊತ್ತು ಕೂರಿಸಿ ಕೊನೇಲಿ ಬಿಟ್ಟುಬಿಟ್ರೆ ಏನ್ ಮಜಾ?" ಎಂದ ವಾಸಪ್ಪ. ಎಲ್ಲರೂ ನಕ್ಕರು. ನಾನು ಕಾಫಿ ಮುಗಿಸಿ ಎದ್ದೆ. ಆಗ ನನಗೆ ಆ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಹತ್ತೊಂಬತ್ತು ವರ್ಷ ಅಂಥ ಮಾತುಗಳ ನಡುವೆಯೇ ಕಾಫಿ ಕುಡಿದಿದ್ದೆ.

ಏಳನೆಯ ದಿನ ಸಂಜೆ ಜಕ್ಕಣ್ಣನ ಹೆಂಡತಿ ದ್ಯಾವಮ್ಮ ನನ್ನ ಮನೆಗೆ ಬಂದಳು. ಹೊಸ್ತಿಲಿನಿಂದ ಒಳಗೆ ಬರಲಿಲ್ಲ.

"ಒಂದು ಚೀಟಿ ವಾಪಸ್ ಬೇಕಿತ್ತು ಮೇಷ್ಟ್ರೇ."

"ಹಾಕಿದ ಚೀಟಿಯನ್ನು ವಾಪಸ್ ಕೇಳೋ ಹಕ್ಕು ಯಾರಿಗೂ ಇಲ್ಲಮ್ಮ. ಯಾರ ಚೀಟಿ?"

"ನಂದೇ. ಬೇಡ ಅಂತ ಬರೆಸೋಕೇ ಹೋಗಿದ್ದೆ. ಪಿಕ್ಚರ್ ಮುಗಿದ ಮೇಲೆ ಬಾಗಿಲಲ್ಲಿ ಬರೆದುಕೊಡೋರ ಹತ್ರ ಬೇಕು ಅಂತ ಬರೆಸಿ ಹೆಬ್ಬೆಟ್ಟು ಒತ್ತಿಬಿಟ್ಟೆ."

ಅವಳೇ ಮುಂದುವರಿಸಿದಳು: "ಬಡಿದ ಸದ್ದು ಕೇಳಿಸ್ತಲ್ಲ. ನನ್ನ ಕಿವೀಲೇ ಕೇಳಿಸ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿವ್ನಿ ಮೇಷ್ಟ್ರೇ, ಆ ಮನುಷ್ಯ ಹಂಗೆ ನಕ್ಕಿದ್ದನ್ನ ಒಂದಿನ ಕಂಡಿಲ್ಲ. ಆದ್ರೂ ಅಲ್ಲಿ ನಗ್ತಿದ್ದೋನು ಅವನೇ ಅನ್ನಿಸ್ತು. ಮನೆಗೆ ಬಂದು ಒಲೆ ಹಚ್ಚಿದಾಗ ಗೊತ್ತಾಯ್ತು, ನಾನು ಏನ್ ಮಾಡಿದೆ ಅಂತ."

ಒಂದು ಲೋಟ ನೀರು ಕೊಟ್ಟೆ. ಕುಡಿಯಲಿಲ್ಲ. ನಿಯಮ ನಿಯಮವೇ ಎಂದು ಹೇಳಿ ಅವಳನ್ನು ಕಳಿಸಿದೆ.

ಎಂಟನೆಯ ದಿನ ಬೆಳಗ್ಗೆ ಟಾಕೀಸಿನ ಕಚೇರಿಯಲ್ಲಿ ಎಣಿಕೆ ಮಾಡಿದೆ. ಜೊತೆಗೆ ಸಾಕ್ಷಿಯಾಗಿ ಮ್ಯಾನೇಜರ್ ಗವಿಯಪ್ಪ. ಒಟ್ಟು ಚೀಟಿ ಸಾವಿರದ ನೂರ ನಲವತ್ತಾರು. ಬೇಕು, ಏಳುನೂರ ಮೂವತ್ತೊಂದು. ಬೇಡ, ಮುನ್ನೂರ ತೊಂಬತ್ತೆಂಟು. ಏನೂ ಬರೆಯದವು ಹದಿನೇಳು. ಗವಿಯಪ್ಪ ಪೆನ್ನು ತೆಗೆದು, "ಬರೆದು ಕಳಿಸಿಬಿಡ್ಲಾ ಸಾರ್?" ಎಂದ. ತಡೆ ಎಂದೆ. ಬೇಕು ಎಂಬ ಕಟ್ಟನ್ನು ಮತ್ತೆ ಮುಂದಕ್ಕೆಳೆದುಕೊಂಡು, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಎರಡನೆಯ ಗೆರೆಯನ್ನು ಓದತೊಡಗಿದೆ.

ನಟನ ಕಣ್ಣೇ ಹೇಳುತ್ತದೆ, ಇಪ್ಪತ್ತಾರು. ಕ್ಲೈಮ್ಯಾಕ್ಸ್ ಚೆನ್ನಾಗಿ ಬರಬೇಕು, ಹತ್ತೊಂಬತ್ತು. ಜಗಳದಲ್ಲಿ ಆಡಿದ ಮಾತು, ತೊಂಬತ್ತೆಂಟು. ಉಳಿದ ಐನೂರ ಎಂಬತ್ತೆಂಟು ಚೀಟಿಗಳಲ್ಲಿ ಕಾರಣ ಒಂದೇ: ಬಡಿದ ಸದ್ದು ಕೇಳಿಸಿತು. ಕೆಲವರು ಇನ್ನೂ ವಿವರವಾಗಿ, ನನಗೇ ಕೇಳಿಸಿದ ಮೇಲೆ ಅವನಿಗೆ ಕೇಳಿಸಲಿಲ್ಲವೇ ಎಂದು ಕೇಳಿದ್ದರು. ಅವುಗಳಲ್ಲಿ ಒಂದರ ಕೆಳಗೆ ಹೆಬ್ಬೆಟ್ಟಿನ ಗುರುತಿತ್ತು.

ಚಿತ್ರ ಮಾಡಿದ ವಿಶ್ವಂಭರ ಟಾಕೀಸಿನ ಮೇಲಿನ ಕೋಣೆಯಲ್ಲೇ ಇಳಿದುಕೊಂಡಿದ್ದ. ಗಡ್ಡ ಬೋಳಿಸಿಕೊಳ್ಳುತ್ತಿದ್ದವನನ್ನು ನೇರವಾಗಿ ಕೇಳಿದೆ: "ಬಾಗಿಲು ಬಡಿದದ್ದನ್ನು ಯಾವ ಸಾಕ್ಷಿ ಹೇಳಿದರು?"

"ಸಾಕ್ಷಿ ಯಾಕೆ ಸಾರ್? ಹೆಣ ಬಾಗಿಲ ಹತ್ರ ಸಿಕ್ತು. ಬಡಿದೇ ಬಡಿದಿರ್ತಾನೆ."

"ಇರಬಹುದು. ಯಂತ್ರದ ಸದ್ದನ್ನು ಯಾಕೆ ಇಳಿಸಿದಿರಿ?"

ಅವನು ಕತ್ತಿಯನ್ನು ಕೆಳಗಿಟ್ಟು ನನ್ನತ್ತ ತಿರುಗಿದ. ಮುಖದ ಅರ್ಧ ಸೋಪಿನ ನೊರೆಯಲ್ಲಿತ್ತು. "ಇಳಿಸದಿದ್ರೆ ಬಡಿಯೋದು ಜನಕ್ಕೆ ಕೇಳಿಸೋದು ಹೆಂಗೆ? ಕೇಳಿಸದಿದ್ರೆ ಸಸ್ಪೆನ್ಸ್ ಎಲ್ಲಿಂದ ಬರುತ್ತೆ? ಕುರ್ಚಿ ತುದೀಲಿ ಕೂರಿಸೋದು ನನ್ನ ಕೆಲಸ. ನೀವು ಎಣಿಸ್ತೀರಿ, ನಾನು ಕೂರಿಸ್ತೀನಿ." ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ತನ್ನ ಕೆಲಸವನ್ನು ಚೆನ್ನಾಗಿ ಮಾಡಿದವನ ಸಮಾಧಾನವಿತ್ತು. ಆ ಸಮಾಧಾನ ನನಗೆ ಪರಿಚಿತವಾದದ್ದು.

ಕೆಳಗಿಳಿದು ಬಂದು ನಿಯಮಗಳ ಪುಸ್ತಕ ತೆಗೆದೆ. ಹನ್ನೊಂದನೆಯ ನಿಯಮ: ಚೀಟಿಯಲ್ಲಿ ಬರೆದ ಕಾರಣವು ಅಸ್ಪಷ್ಟವೆಂದು ಎಣಿಸುವವನಿಗೆ ತೋರಿದರೆ ಅದನ್ನು ಬರೆದವರಿಗೆ ಹಿಂದಿರುಗಿಸಿ ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ಈವರೆಗೆ ಆ ನಿಯಮವನ್ನು ಯಾರೂ ಬಳಸಿರಲಿಲ್ಲ. ಐನೂರ ಎಂಬತ್ತೆಂಟು ಚೀಟಿಗಳನ್ನೂ ಹಿಂದಿರುಗಿಸುತ್ತೇನೆ ಎಂದು ಗವಿಯಪ್ಪನಿಗೆ ಹೇಳಿದೆ.

"ಸ್ಪಷ್ಟವಾಗೇ ಬರೆದವ್ರಲ್ಲ ಸಾರ್, ಸದ್ದು ಕೇಳಿಸಿತು ಅಂತ. ಇದಕ್ಕಿಂತ ಸ್ಪಷ್ಟ ಇನ್ನೇನು?"

"ಎಲ್ಲಿ ಕೇಳಿಸಿತು ಅಂತ ಬರೆದಿಲ್ಲ."

"ಟಾಕೀಸಲ್ಲಿ."

"ಟಾಕೀಸಿನಲ್ಲಿ ಯಾರೂ ಸತ್ತಿಲ್ಲ ಗವಿಯಪ್ಪ."

ಅವನು ಪೆನ್ನಿನ ಮುಚ್ಚಳ ಹಾಕಿದ. "ಸರಿ, ನಾಳೆ ಇಲ್ಲಿಗೇ ಕರೆಸ್ಲಾ?" ಎಂದ. ಎಲ್ಲಿ ಹಿಂದಿರುಗಿಸಬೇಕು ಎಂಬುದನ್ನು ನಿಯಮ ಹೇಳುವುದಿಲ್ಲ ಎಂದು ಪುಸ್ತಕದ ಪುಟ ತೋರಿಸಿದೆ. ಮೂರನೆಯ ಗೋದಾಮಿನ ಮುಂದೆ ಕರೆಸಬೇಕು ಎಂದೆ. ಸುಟ್ಟುಹೋದ ಎರಡನೆಯದಕ್ಕೂ ಅದಕ್ಕೂ ಒಂದೇ ಅಳತೆಯ ಗೋಡೆ, ಒಂದೇ ಬಗೆಯ ಕಬ್ಬಿಣದ ಪಟ್ಟಿ ಹೊಡೆದ ತೇಗದ ಬಾಗಿಲು.

ಅಂದು ಮಧ್ಯಾಹ್ನ ಊಟವಾದ ಮೇಲೆ ಒಂದು ಚೀಲಕ್ಕೆ ನಲವತ್ತೆರಡು ಹುಣಿಸೆಬೀಜಗಳನ್ನು ಹಾಕಿದೆ. ಇಪ್ಪತ್ತೊಂದು ಹಾಗೆಯೇ ಇದ್ದವು, ಇಪ್ಪತ್ತೊಂದನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದೆ. ಕಣ್ಣು ಮುಚ್ಚಿ ಒಂದೊಂದಾಗಿ ತೆಗೆದು, ಬಂದ ಕ್ರಮವನ್ನು ಎರಡು ಹಾಳೆಗಳಲ್ಲಿ ಬರೆದುಕೊಂಡೆ. ಬಿಳಿ ಬಂದರೆ ಬಡಿಯುವುದು. ಕಪ್ಪು ಬಂದರೆ ಸುಮ್ಮನಿರುವುದು. ಒಂದು ಹಾಳೆಯನ್ನು ಲಕೋಟೆಯಲ್ಲಿಟ್ಟು ಅರಗಿನಿಂದ ಮುಚ್ಚಿ ಗವಿಯಪ್ಪನಿಗೆ ಕೊಟ್ಟೆ. ಇನ್ನೊಂದು ನನ್ನ ಜೇಬಿನಲ್ಲಿ. ಇದನ್ನು ಬೇರೆ ಯಾರಿಗೂ ಹೇಳಲಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಜನ ಸೇರಿದರು. ಕೊಟ್ಟ ಅಭಿಪ್ರಾಯವನ್ನು ಕಳೆದುಕೊಳ್ಳುವುದು ನಮ್ಮ ಊರಿನಲ್ಲಿ ಅವಮಾನ. ಆದ್ದರಿಂದ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಹದಿನಾಲ್ಕು ಜನರಂತೆ ನಲವತ್ತೆರಡು ತಂಡ. ಬಾಗಿಲಿನಿಂದ ಹತ್ತು ಹೆಜ್ಜೆಗೆ ಸುಣ್ಣದ ಗೆರೆ ಎಳೆಸಿದ್ದೆ. ಪ್ರತಿ ತಂಡ ಐದು ನಿಮಿಷ ಗೆರೆಯ ಮೇಲೆ ನಿಂತು, ಬಾಗಿಲು ಬಡಿದದ್ದು ಕೇಳಿಸಿತೋ ಇಲ್ಲವೋ ಎಂಬುದನ್ನಷ್ಟೇ ಒಂದು ತುಂಡು ಕಾಗದದಲ್ಲಿ ಬರೆದು ಗವಿಯಪ್ಪನ ಕೈಗೆ ಕೊಡಬೇಕು. ಒಬ್ಬರ ಕಾಗದವನ್ನು ಇನ್ನೊಬ್ಬರು ನೋಡಬಾರದು, ತಮ್ಮ ತಮ್ಮಲ್ಲಿ ಮಾತಾಡಬಾರದು. ಒಳಗೆ ಬಡಿಯುವವನು ನಾನು.

"ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕು ಮೇಷ್ಟ್ರೇ?" ಎಂದ ವಾಸಪ್ಪ. "ಒಳಗೆ ಏನಾದ್ರೂ ಆದ್ರೆ ನಮಗೆ ತಿಳಿಯೋದು ಹೆಂಗೆ?"

"ಬಡಿಯುತ್ತೇನೆ. ನಿನಗೆ ಕೇಳಿಸುತ್ತದಲ್ಲ" ಎಂದೆ.

ಯಂತ್ರ ಚಾಲೂ ಆಯಿತು. ಮಿಲ್ಲಿನ ಹೊಸ ಕಾವಲುಗಾರ ಬಾಗಿಲು ಮುಚ್ಚಿ ಬೀಗ ಹಾಕಿದ.

ಒಳಗೆ ಹತ್ತಿಯ ವಾಸನೆ. ಕಿಂಡಿಯಿಂದ ಬರುವ ಬೆಳಕು ಗಡಿಯಾರದ ಮುಳ್ಳು ಕಾಣಲು ಸಾಕಾಗುವಷ್ಟು ಮಾತ್ರ. ನನ್ನ ಹಾಳೆಯಂತೆ ನಡೆದುಕೊಂಡೆ. ಮೊದಲ ತಂಡಕ್ಕೆ ಬಡಿಯಬೇಕಿತ್ತು. ಐದು ನಿಮಿಷ ಮುಷ್ಟಿಯಿಂದ ಬಡಿದೆ. ಎರಡನೆಯದಕ್ಕೂ ಬಡಿಯಬೇಕಿತ್ತು. ಮೂರನೆಯದಕ್ಕೆ ಸುಮ್ಮನೆ ಮೂಟೆಯ ಮೇಲೆ ಕುಳಿತೆ. ಹನ್ನೆರಡನೆಯ ತಂಡದ ಹೊತ್ತಿಗೆ ಬಲಗೈ ಊದಿತು, ಎಡಗೈಯಿಂದ ಬಡಿದೆ. ಅದೂ ಸೋತ ಮೇಲೆ ಚಪ್ಪಲಿ ಕಳಚಿ ಅದರಿಂದ ಬಡಿದೆ. ಹೊರಗಿನ ಯಾರ ಧ್ವನಿಯೂ ನನಗೆ ಕೇಳಿಸುತ್ತಿರಲಿಲ್ಲ. ಯಂತ್ರದ ಮೊರೆತವೊಂದೇ. ಹೊರಗೆ ಜನ ಇದ್ದಾರೆಯೇ, ಎದ್ದು ಹೋಗಿದ್ದಾರೆಯೇ ಎಂಬುದೂ ತಿಳಿಯುವಂತಿರಲಿಲ್ಲ. ಐನೂರ ಎಂಬತ್ತೆಂಟು ಜನ ನಾನು ಒಳಗಿದ್ದೇನೆಂದು ಬಲ್ಲರು. ಬೀಗದ ಕೈ ಇಂಥವನ ಬಳಿ ಇದೆಯೆಂದು ನಾನು ಬಲ್ಲೆ. ಆದರೂ ಇಪ್ಪತ್ತನೆಯ ತಂಡದ ನಂತರ ನಾನು ಬಡಿದದ್ದು ಪರೀಕ್ಷೆಗೆ ಬೇಕಾದದ್ದಕ್ಕಿಂತ ಜೋರಾಗಿತ್ತೆಂದು ತೋರುತ್ತದೆ. ಶಿವನಂಜನಿಗೆ ಹೊರಗೆ ಯಾರೂ ಇರಲಿಲ್ಲ. ಗಡಿಯಾರವೂ ಇರಲಿಲ್ಲ. ಅಲ್ಲಿ ನಿಂತಾಗ ಹೊಳೆಯಿತು, ಸಾವಿರದ ನೂರ ನಲವತ್ತಾರು ಚೀಟಿಗಳಲ್ಲಿ ಒಂದರಲ್ಲೂ ಅವನ ಹೆಸರಿರಲಿಲ್ಲ. ನಾವೆಲ್ಲರೂ ಹೊರಗಿದ್ದವನ ಮುಖವನ್ನಷ್ಟೇ ನೋಡಿದ್ದೆವು.

ಒಂದು ಗಂಟೆಗೆ ಯಂತ್ರ ನಿಂತಿತು. ಬಾಗಿಲು ತೆರೆದರು. ವಾಸಪ್ಪ ಎಲ್ಲರಿಗಿಂತ ಮುಂದೆ ಬಂದ. "ಸ್ಪಷ್ಟವಾಗಿ ಕೇಳಿಸ್ತು ಮೇಷ್ಟ್ರೇ. ಮೂರು ಸಲ. ಆಮೇಲೆ ಸ್ವಲ್ಪ ಬಿಟ್ಟು ಇನ್ನೆರಡು ಸಲ."

"ನಿನ್ನದು ಯಾವ ತಂಡ?"

"ಹದಿನೇಳು."

ಗವಿಯಪ್ಪ ಎಲ್ಲರ ಮುಂದೆ ಅರಗು ಒಡೆದು ಲಕೋಟೆ ತೆರೆದ. ತುಂಡು ಕಾಗದಗಳನ್ನು ಅಲ್ಲಿಯೇ, ಒಂದು ಮೂಟೆಯ ಮೇಲೆ ಹಾಕಿ ಎಣಿಸಿದೆ. ಬೆರಳು ಮಡಚಲು ಆಗುತ್ತಿರಲಿಲ್ಲವಾದ್ದರಿಂದ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಎದ್ದು ನಿಂತು ಸಂಖ್ಯೆಗಳನ್ನು ಓದಿದೆ. ನಾನು ಬಡಿದದ್ದು ಇಪ್ಪತ್ತೊಂದು ತಂಡಗಳಿಗೆ, ಅಂದರೆ ಇನ್ನೂರ ತೊಂಬತ್ತನಾಲ್ಕು ಜನರಿಗೆ. ಅವರಲ್ಲಿ ಕೇಳಿಸಿತು ಎಂದವರು ನೂರ ಮೂರು. ಉಳಿದ ಇಪ್ಪತ್ತೊಂದು ತಂಡಗಳ ಇನ್ನೂರ ತೊಂಬತ್ತನಾಲ್ಕು ಜನರಿಗೆ ನಾನು ಬಡಿಯಲೇ ಇಲ್ಲ. ಅವರಲ್ಲಿ ಕೇಳಿಸಿತು ಎಂದವರು ನೂರ ಏಳು.

ಗವಿಯಪ್ಪ ಹಾಳೆಯ ಮೇಲೆ ಬೆರಳಾಡಿಸಿ, "ಹದಿನೇಳು... ಸುಮ್ಮನಿರುವುದು" ಎಂದು ಓದಿದ. ವಾಸಪ್ಪನ ಮುಖ ಕಪ್ಪಾಯಿತು. "ಹಂಗಾದ್ರೆ ಬಡಿದಿದ್ಯಾರು?" ಎಂದ. ಹಿಂದಿನಿಂದ ಯಾರೋ, "ನಿನ್ನೆದೆ ಕಣಪ್ಪ, ಅವತ್ತು ನಿಂತೋಗಿತ್ತಲ್ಲ, ಈಗ ಶುರುವಾಗೈತೆ" ಎಂದರು. ಯಾರೂ ನಗಲಿಲ್ಲ.

"ಇದರಿಂದ ಅವನು ಮಾಡಲಿಲ್ಲ ಅಂತ ಆಯ್ತಾ ಮೇಷ್ಟ್ರೇ?" ಎಂದು ಒಬ್ಬರು ಕೇಳಿದರು.

"ಇಲ್ಲ" ಎಂದೆ. "ನಾನು ಹೇಳುತ್ತಿರುವುದು ಅದಲ್ಲ. ಮಾಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಬಡಿದ ಸದ್ದು ಕೇಳಿಸಿತು ಅನ್ನೋದು ನಿಮಗೆ ಗೊತ್ತಿರೋ ಸಂಗತಿ ಅಲ್ಲ. ಚೀಟಿ ತಗೊಳ್ಳಿ. ಬೇರೆ ಕಾರಣ ಇದ್ದರೆ ಬರೀರಿ. ಬೇಕು ಅಂತಲೇ ಬರೀಬಹುದು. ಕಾರಣ ಮಾತ್ರ ನಿಮ್ಮದಾಗಿರಲಿ."

ಮಡಚಿದ ಚೀಟಿಗಳನ್ನು ದಿನ, ಕುರ್ಚಿಯ ಸಂಖ್ಯೆ ಕೂಗಿ ಗವಿಯಪ್ಪ ಹಂಚಿದ. ಸಿನಿಮಾ ಮುಗಿದ ಮೇಲೆ ಅರ್ಧ ನಿಮಿಷದಲ್ಲಿ ಚೀಟಿ ಬರೆದು ಬಸ್ಸು ಹಿಡಿಯುವವರಂತೆ ಓಡುತ್ತಿದ್ದ ಜನ, ಅಂದು ಗೋದಾಮಿನ ನೆರಳಿನಲ್ಲಿ ಕುಳಿತು ಸಂಜೆ ನಾಲ್ಕರವರೆಗೆ ಬರೆದರು. ಕೆಲವರು ಪೆನ್ಸಿಲು ಕಚ್ಚಿಕೊಂಡು ಯಂತ್ರದತ್ತ ನೋಡುತ್ತಿದ್ದರು. ವಿಶ್ವಂಭರ ಬಂದು ಸುಣ್ಣದ ಗೆರೆಯ ಮೇಲೆ ಒಬ್ಬನೇ ನಿಂತಿದ್ದು ಹೊರಟುಹೋದ. ದ್ಯಾವಮ್ಮ ತನ್ನ ಚೀಟಿಯನ್ನು ಬರೆದುಕೊಡುವವರ ಬಳಿ ಒಯ್ಯದೆ ನನ್ನ ಮುಂದೆ ಹಿಡಿದಳು. ಎಣಿಸುವವನು ಬರೆದುಕೊಡುವಂತಿಲ್ಲ ಎಂದೆ. ಅವಳು ಗವಿಯಪ್ಪನ ಬಳಿಗೆ ಹೋದಳು.

ಐನೂರ ಎಂಬತ್ತೆಂಟರಲ್ಲಿ ಬೇಡ ಎಂದು ತಿದ್ದಿದವರು ಮುನ್ನೂರ ಎಪ್ಪತ್ತೊಂದು. ಬೇಕು ಎಂಬುದನ್ನೇ ಉಳಿಸಿಕೊಂಡವರು ನೂರ ಎಂಬತ್ತೆಂಟು. ಖಾಲಿ ಬಿಟ್ಟವರು ಇಪ್ಪತ್ತೊಂಬತ್ತು. ಎಲ್ಲ ಕೂಡಿಸಿದಾಗ ಬೇಕು ಮುನ್ನೂರ ಮೂವತ್ತೊಂದು, ಬೇಡ ಏಳುನೂರ ಅರವತ್ತೊಂಬತ್ತು, ಖಾಲಿ ನಲವತ್ತಾರು. ಎರಡು ಸಲ ಎಣಿಸಿ ಸಹಿ ಹಾಕಿದೆ. ಎಡಗೈಯ ಸಹಿ. ಗವಿಯಪ್ಪ ಅದನ್ನು ದೃಢೀಕರಿಸಿದ. ಈ ಸಲ ಎರಡನೆಯ ಗೆರೆಗಳನ್ನೆಲ್ಲ ಓದಿದ್ದೆ. ಬೇಕು ಎಂದು ಉಳಿಸಿಕೊಂಡ ವಾಸಪ್ಪ, ಜಗಳದಲ್ಲಿ ಆಡಿದ ಮಾತನ್ನು ಕಾರಣವಾಗಿ ಬರೆದಿದ್ದ. ಅದು ಅವನದೇ ಕಾರಣ. ಒಪ್ಪಿಕೊಂಡೆ. ಹೆಬ್ಬೆಟ್ಟಿನ ಚೀಟಿಯ ಮೇಲೆ ಗವಿಯಪ್ಪನ ಅಕ್ಷರದಲ್ಲಿ, ನನಗೆ ಕೇಳಿಸಲಿಲ್ಲ ಎಂದಿತ್ತು.

ಹತ್ತನೆಯ ದಿನ ಬೆಳಗ್ಗೆ ಜಕ್ಕಣ್ಣನನ್ನು ಬಿಟ್ಟರು. ಸಂಖ್ಯೆಗಳನ್ನು ಓದಿ ಹೇಳುವುದು ನನ್ನ ಕರ್ತವ್ಯವಾದ್ದರಿಂದ ಜೈಲಿನ ಬಾಗಿಲಿಗೆ ಹೋಗಿದ್ದೆ. ಅವನು ಕುಳ್ಳ, ಬೋಳುತಲೆಯ ಮನುಷ್ಯ. ತೆರೆಯ ಮೇಲಿನ ಮುಖವನ್ನು ಒಂದು ವಾರ ಮನಸ್ಸಿನಲ್ಲಿಟ್ಟುಕೊಂಡಿದ್ದ ನನಗೆ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ದ್ಯಾವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ದೂರ ನಿಂತಿದ್ದಳು. ಅವಳು ಮೊದಲು ಬರೆಸಿದ್ದನ್ನು ತಾನೇ ಅವನಿಗೆ ಹೇಳಿದ್ದಳಂತೆ. "ಬಿಡೇ, ನಾನು ನೋಡಿದ್ರೂ ಹಂಗೇ ಬರೀತಿದ್ನೇನೋ" ಎಂದು ಅವನು ನನ್ನ ಮುಂದೆಯೇ ಅಂದ. ಅವನ ದೃಷ್ಟಿ ನನ್ನ ಕೈಗಳ ಮೇಲೆ ಬಿತ್ತು. ಎರಡಕ್ಕೂ ಬಟ್ಟೆ ಸುತ್ತಿತ್ತು.

"ಒಳಗೆ ಕೂತು ಬಡಿದ್ರಂತೆ."

"ಹೌದು."

"ಒಂದು ಮಾತು ಕೇಳ್ಬೇಕಿತ್ತು ಮೇಷ್ಟ್ರೇ. ಒಳಗೆ ಕೂತೋರಿಗೆ ಬೀಗ ಹಾಕಿದ ಸದ್ದು ಕೇಳಿಸ್ತದಾ?"

ದ್ಯಾವಮ್ಮ ನನ್ನ ಮುಖ ನೋಡಿದಳು. ಜೈಲಿನ ಕಾವಲುಗಾರನೂ ನೋಡಿದ. ಕೇಳಿಸುವುದಿಲ್ಲ, ಬೀಗ ಬಿದ್ದದ್ದು ಶಿವನಂಜನಿಗೆ ತಿಳಿದೇ ಇರಲಿಲ್ಲ ಎಂದಿದ್ದರೆ ಅವನು ಆ ರಾತ್ರಿ ನಿದ್ರೆ ಮಾಡುತ್ತಿದ್ದನೇನೋ. ಬೀಗ ಕಬ್ಬಿಣದ ಪಟ್ಟಿಗೇ ತಗಲುತ್ತದೆ. ಆ ಸದ್ದು ಬಾಗಿಲೊಳಗಿಂದ ಬರುತ್ತದೆ, ಯಂತ್ರದ ಸದ್ದು ಅದನ್ನು ಮುಚ್ಚುವುದಿಲ್ಲ.

"ಕೇಳಿಸುತ್ತದೆ" ಎಂದೆ.

ಅವನು ತಲೆಯಾಡಿಸಿದ. "ಕೂಗಿ ಹಾಕ್ಬೇಕಿತ್ತು" ಎಂದ. "ಒಳಗೆ ಯಾರಾದ್ರೂ ಇದೀರಾ ಅಂತ ಒಂದ್ಸಲ ಕೂಗಿ ಹಾಕ್ಬೇಕಿತ್ತು. ಜಗಳ ಆದಾಗಿಂದ ಅವನ ಹೆಸರು ಹಿಡಿದು ಕೂಗೋದು ಬಿಟ್ಟಿದ್ದೆ."

ಇದು ನಡೆದು ಎರಡು ವರ್ಷವಾಯಿತು. ಬೇಕು ಎಂದಾದ ಹಿಂದಿನ ಒಂಬತ್ತು ಚಿತ್ರಗಳ ಚೀಟಿಗಳನ್ನು ನಿಯಮದಂತೆ ಸುಟ್ಟಿರುವುದರಿಂದ ಅವುಗಳ ಎರಡನೆಯ ಗೆರೆಯಲ್ಲಿ ಏನಿತ್ತೆಂದು ನನಗೆ ಎಂದಿಗೂ ತಿಳಿಯುವುದಿಲ್ಲ. ಆ ಲೆಕ್ಕದಲ್ಲಿ ಶೇಷ ಉಳಿದಿದೆ. ಅದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಈಗ ಪ್ರತಿ ಚೀಟಿಯ ಎರಡೂ ಗೆರೆಗಳನ್ನು ಓದದೆ ಎಣಿಸುವುದಿಲ್ಲ. ಚೀಟಿ ಬರೆಯುವ ಮೊದಲು ಜನ ಆ ಸ್ಥಳಕ್ಕೆ ಹೋಗಿ ನಿಂತು ಬರಬೇಕೆಂದು ಹನ್ನೆರಡನೆಯ ನಿಯಮವನ್ನು ಸೇರಿಸಿದ್ದೇವೆ. ಅದಕ್ಕೂ ಚೀಟಿ ಹಾಕಿಸಿಯೇ ಸೇರಿಸಿದ್ದು.

ಜಕ್ಕಣ್ಣನನ್ನು ಮಿಲ್ಲಿನವರು ಮತ್ತೆ ಕರೆಯಲಿಲ್ಲ. ಗವಿಯಪ್ಪ ಅವನನ್ನು ಟಾಕೀಸಿನ ಬಾಗಿಲಿಗೆ ಇಟ್ಟುಕೊಂಡ. ಸಂಜೆ ಐದಕ್ಕೆ ಆಟ ಮುಗಿದು ಜನ ಹೊರಗೆ ಬಂದ ಮೇಲೆ ಅವನು ಒಳಗೆ ಹೋಗುತ್ತಾನೆ. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದೊಂದು ಕುರ್ಚಿಯ ಬೆನ್ನನ್ನೂ ಮುಟ್ಟಿ ಎಣಿಸುತ್ತ ಬರುತ್ತಾನೆ, ನಾನೂರ ಹನ್ನೆರಡು. ಆಮೇಲೆ ಬಾಗಿಲಲ್ಲಿ ನಿಂತು ಒಳಗೆ ಯಾರಾದರೂ ಇದ್ದೀರಾ ಎಂದು ಮೂರು ಸಲ ಕೂಗುತ್ತಾನೆ. ಹೊರಗೆ ನಿಂತವರು ಮೊದಮೊದಲು ನಗುತ್ತಿದ್ದರು, ಈಗ ಇಲ್ಲ. ನಾನು ಆ ದಾರಿಯಲ್ಲಿ ಹೋಗುವಾಗ ಅವನು ಬೀಗ ಹಾಕುವವರೆಗೆ ನಿಲ್ಲುತ್ತೇನೆ. ಈ ಎರಡು ವರ್ಷದಲ್ಲಿ ಒಂದು ದಿನವೂ ಒಳಗೆ ಯಾರೂ ಉಳಿದಿರಲಿಲ್ಲ. ಆದರೂ ಎಣಿಸುತ್ತಾನೆ. ಅದು ಸರಿಯಾದ ಕ್ರಮ.